ಬೆಳಿಗ್ಗೆ 5.9, ರಾತ್ರಿ 4.5: ಅಪ್ಪನ ರಿಪೋರ್ಟ್‌ನಲ್ಲಿ ಯಾವುದು ನಿಜ?

ಪ್ರಶ್ನೆ: ನಾವು ಇರುವುದು ಡೊಂಬಿವಲಿಯಲ್ಲಿ. ಅಪ್ಪನಿಗೆ 74 ವರ್ಷ. ಬಿಪಿಗೆ ಟೆಲ್ಮಿಸಾರ್ಟನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಕಳೆದ ತಿಂಗಳು ರಕ್ತ ತೆಗೆಯುವ ಹುಡುಗನನ್ನು ಮನೆಗೇ ಕರೆಸಿದ್ದೆವು. ನರ ಸಿಗಲಿಲ್ಲ ಅಂತ ಎರಡು ಸಲ ಚುಚ್ಚಿದ. ಮುಷ್ಟಿ ಬಿಗಿಮಾಡಿ, ಬಿಡಿ ಅಂತ ಹೇಳುತ್ತಲೇ ಇದ್ದ. ಟ್ಯೂಬುಗಳನ್ನು ಐಸ್ ಪ್ಯಾಕ್ ಇದ್ದ ಚೀಲದಲ್ಲಿ ಇಟ್ಟುಕೊಂಡು ಹೋದ. ಸಂಜೆ ರಿಪೋರ್ಟ್ ಬಂತು, ಪೊಟ್ಯಾಶಿಯಂ 5.9. ನಮ್ಮ ಡಾಕ್ಟರು ಕೂಡಲೇ ಆಸ್ಪತ್ರೆಗೆ ಹೋಗಿ ಅಂದರು. ರಾತ್ರಿ ರಿಕ್ಷಾ ಹಿಡಿದು ಓಡಿದೆವು. ಅಲ್ಲಿ ಇಸಿಜಿ ಸರಿಯಿತ್ತು, ಪೊಟ್ಯಾಶಿಯಂ 4.5! ಒಂದೇ ದಿನ ಎರಡು ಲೆಕ್ಕ ಹೇಗೆ? ಒಳ್ಳೆಯ ಲ್ಯಾಬ್ ಯಾವುದು ಅಂತ ನಮ್ಮಂಥವರಿಗೆ ಹೇಗೆ ಗೊತ್ತಾಗಬೇಕು? ಇನ್ನೊಂದು ಚಿಂತೆಯೂ ಇದೆ. ಮಗಳು ಈ ವರ್ಷ ಡಿಎಂಎಲ್‌ಟಿಗೆ, ಅಂದರೆ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾಗೆ ಸೇರುತ್ತಿದ್ದಾಳೆ. ಸೂಜಿ, ರಕ್ತ ಅಂದರೆ ನನಗೇ ಭಯ. ಅವಳು ಏನೇನು ಎಚ್ಚರಿಕೆ ತೆಗೆದುಕೊಳ್ಳಬೇಕು? ರಿಪೋರ್ಟ್‌ನ ಫೋಟೋ ಕಳಿಸಿದ್ದೇನೆ.

ಉತ್ತರ: ನಿಮ್ಮ ಡಾಕ್ಟರು ಮಾಡಿದ್ದು ಸರಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಅನುಭವ ಒಂದು ಸಲ ಆದರೆ, ‘ಲ್ಯಾಬಿನವರು ಏನೋ ಬರೀತಾರೆ ಬಿಡಿ’ ಅಂತ ಮುಂದಿನ ಸಲ ಮನೆಯಲ್ಲೇ ಕೂತುಬಿಡುವವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ. ಪೊಟ್ಯಾಶಿಯಂ ಸಾಮಾನ್ಯವಾಗಿ 3.5ರಿಂದ 5.1ರ ಒಳಗಿರಬೇಕು. ನಿಜವಾಗಿಯೂ ಏರಿದರೆ ಹೃದಯ ಬಡಿಯುವ ಲಯವೇ ತಪ್ಪಬಹುದು, ಕೆಲವು ಸಲ ಯಾವ ಸೂಚನೆಯೂ ಇಲ್ಲದೆ. ಟೆಲ್ಮಿಸಾರ್ಟನ್‌ಗೆ ಪೊಟ್ಯಾಶಿಯಂ ಏರಿಸುವ ಗುಣವೂ ಇದೆ. 74ರ ವಯಸ್ಸು, ಆ ಮಾತ್ರೆ, ಮೇಲೆ 5.9. ಇಷ್ಟು ಗೊತ್ತಿದ್ದ ಮೇಲೆ ಬೆಳಗಾಗಲಿ ಅಂತ ಯಾರು ಕಾಯುತ್ತಾರೆ? ಇಸಿಜಿ ಮಾಡಿ, ಹೊಸದಾಗಿ ರಕ್ತ ತೆಗೆದು ನೋಡುವುದೇ ಸರಿಯಾದ ದಾರಿ.

ಈಗ ಫೋಟೋಗೆ ಬರೋಣ. ನಾನು ಮೊದಲು ನೋಡಿದ್ದು 5.9 ಅನ್ನು ಅಲ್ಲ, ಮೇಲಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುವ ಮೂರು ಸಮಯಗಳನ್ನು. ರಕ್ತ ತೆಗೆದದ್ದು ಬೆಳಿಗ್ಗೆ 6:40. ಲ್ಯಾಬ್ ತಲುಪಿದ್ದು ಮಧ್ಯಾಹ್ನ 1:10. ರಿಪೋರ್ಟ್ ಆದದ್ದು 5:20. ಮನೆಯಿಂದ ಲ್ಯಾಬಿಗೆ ಆರೂವರೆ ಗಂಟೆ. ಆ ಹುಡುಗ ನಿಮ್ಮಲ್ಲಿಂದ ಇನ್ನೂ ನಾಲ್ಕಾರು ಮನೆ ಹತ್ತಿಳಿದು, ಆಮೇಲೆ ಲೋಕಲ್ ಹಿಡಿದಿರಬೇಕು. ಅಷ್ಟು ಹೊತ್ತೂ ನಿಮ್ಮ ತಂದೆಯವರ ರಕ್ತ ಐಸ್ ಪ್ಯಾಕಿಗೆ ಒರಗಿಕೊಂಡಿತ್ತು.

ಐಸ್‌ನಲ್ಲಿಟ್ಟರೆ ಒಳ್ಳೆಯದೇ ಅಲ್ವಾ ಅಂತ ಅನ್ನಿಸುತ್ತದೆ. ಹಾಲು, ಮೀನು ಕೆಡಬಾರದು ಅಂತ ಐಸ್‌ನಲ್ಲಿಡುತ್ತೇವೆ. ಆದರೆ ಕಣ, ದ್ರವ ಬೇರ್ಪಡಿಸದ ರಕ್ತ ಹಾಗಲ್ಲ. ಅದರಲ್ಲಿರುವ ಕಣಗಳು ಟ್ಯೂಬಿಗೆ ಬಂದ ಮೇಲೂ ಬದುಕಿರುತ್ತವೆ. ಪೊಟ್ಯಾಶಿಯಂ ಬಹುಪಾಲು ಇರುವುದು ಈ ಕಣಗಳ ಒಳಗೆ. ಹೊರಗಿನ ದ್ರವದಲ್ಲಿ ಇರುವುದಕ್ಕಿಂತ ಒಳಗೆ ಇಪ್ಪತ್ತು ಪಟ್ಟಿಗೂ ಜಾಸ್ತಿ. ನಿಮ್ಮ ಬಿಲ್ಡಿಂಗಿನ ಪಂಪು ಕೆಳಗಿನ ಟ್ಯಾಂಕಿನಿಂದ ಟೆರೇಸಿಗೆ ನೀರೆತ್ತುತ್ತದಲ್ಲ, ಹಾಗೇ ಪ್ರತಿ ಕಣದ ಗೋಡೆಯಲ್ಲೂ ಸಣ್ಣ ಸಣ್ಣ ಪಂಪುಗಳಿವೆ. ಪೊಟ್ಯಾಶಿಯಂ ಹೊರಗೆ ಸೋರಿದ ಹಾಗೆಲ್ಲ ಅವು ಮತ್ತೆ ಒಳಗೆ ಎಳೆದುಕೊಳ್ಳುತ್ತವೆ. ಚಳಿಯಲ್ಲಿ ಈ ಪಂಪು ಕೆಲಸ ಮಾಡುವುದಿಲ್ಲ. ಸೋರುವುದು ಮಾತ್ರ ನಡೆದೇ ಇರುತ್ತದೆ. ಗಂಟೆ ಕಳೆದಂತೆ ಹೊರಗಿನ ದ್ರವದಲ್ಲಿ ಪೊಟ್ಯಾಶಿಯಂ ಏರುತ್ತದೆ. ಮಶೀನು ಅಳೆಯುವುದು ಆ ಹೊರಗಿನ ದ್ರವವನ್ನೇ.

ಇದರಲ್ಲಿ ಒಂದು ಕಷ್ಟವಿದೆ. ರಕ್ತಕಣ ಒಡೆದು ಪೊಟ್ಯಾಶಿಯಂ ಏರಿದ್ದರೆ ಟೆಕ್ನಿಷಿಯನ್‌ಗೆ ಕಣ್ಣಿಗೇ ಕಾಣುತ್ತದೆ. ಟ್ಯೂಬನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದ ಮೇಲೆ ಮೇಲೆ ನಿಲ್ಲುವ ಸೀರಂ ತಿಳಿ ಹಳದಿ ಇರಬೇಕು, ತೆಳು ಕಷಾಯದ ಹಾಗೆ. ಕಣ ಒಡೆದಿದ್ದರೆ ಅದು ಕೋಕಂ ಶರಬತ್ತಿನ ಬಣ್ಣಕ್ಕೆ ತಿರುಗುತ್ತದೆ. ಇದಕ್ಕೆ ಹೀಮೊಲಿಸಿಸ್ ಅನ್ನುತ್ತೇವೆ. ಇವತ್ತಿನ ಮಶೀನುಗಳು ಆ ಬಣ್ಣವನ್ನು ತಾವೇ ಅಳೆದು ಎಚ್ಚರಿಸುತ್ತವೆ. ಆದರೆ ಚಳಿಯಲ್ಲಿ ಸೋರಿದ ರಕ್ತದ ಸೀರಂ ತಿಳಿಯಾಗೇ ಇರುತ್ತದೆ. ಯಾವ ಗಂಟೆಯೂ ಬಾರಿಸುವುದಿಲ್ಲ. ಹಿಡಿಯಬೇಕಾದರೆ ಆ ಮೂರು ಸಮಯ ಓದಿಯೇ ಹಿಡಿಯಬೇಕು.

ಇದಕ್ಕೆ ಮುಷ್ಟಿಯ ಕಥೆಯೂ ಸೇರಿಕೊಂಡಿದೆ. ಇಲ್ಲಿ ಎಲ್ಲ ಕಡೆ ಕೇಳುವ ಮಾತದು: ‘ಮೂಠ್ ಉಘಡಾ, ಬಂದ್ ಕರಾ.’ ಮುಷ್ಟಿ ಬಿಚ್ಚಿ, ಮುಚ್ಚಿ. ಸ್ನಾಯು ಕೆಲಸ ಮಾಡಿದರೆ ಅದರಿಂದ ಪೊಟ್ಯಾಶಿಯಂ ಹೊರಬರುತ್ತದೆ. ತೋಳಿಗೆ ಪಟ್ಟಿ ಬಿಗಿದಿರುವಾಗ ಅದು ಅಲ್ಲೇ ನಿಲ್ಲುತ್ತದೆ, ಸೂಜಿಯಲ್ಲಿ ಬರುವುದೂ ಅದೇ ರಕ್ತ. ಪಟ್ಟಿ ಒಂದು ನಿಮಿಷಕ್ಕಿಂತ ಜಾಸ್ತಿ ಬಿಗಿದಿರಬಾರದು. ಎರಡು ಸಲ ಚುಚ್ಚಿದ ಅಂದಿರಿ. ನಡುವೆ ಪಟ್ಟಿ ಬಿಚ್ಚಿದನೋ ಇಲ್ಲವೋ, ನಿಮಗೆ ನೆನಪಿರಲಿಕ್ಕಿಲ್ಲ. ಮುಷ್ಟಿ ಮತ್ತು ಐಸ್, ಇವೆರಡೂ ಸೇರಿದರೆ 4.5 ಇದ್ದದ್ದು 5.9ರ ಹತ್ತಿರ ಬರುವುದರಲ್ಲಿ ನನಗೆ ಆಶ್ಚರ್ಯವಿಲ್ಲ. ಇನ್ನೊಂದು ಕಾರಣವೂ ಇರಬಹುದಿತ್ತು. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇಡಿಟಿಎ ಅನ್ನುವ ಪೊಟ್ಯಾಶಿಯಂ ಲವಣ ಇರುತ್ತದೆ. ಮೊದಲು ಅದನ್ನು ತುಂಬಿ ಆಮೇಲೆ ಬೇರೆ ಟ್ಯೂಬಿಗೆ ಹೋದರೆ, ಇಲ್ಲವೇ ಒಂದರ ರಕ್ತವನ್ನು ಇನ್ನೊಂದಕ್ಕೆ ಸುರಿದರೆ, ಪೊಟ್ಯಾಶಿಯಂ ಸುಳ್ಳಾಗಿ ಏರುತ್ತದೆ. ಆಗ ಕ್ಯಾಲ್ಸಿಯಂ ಕೂಡ ಕುಸಿಯಬೇಕು. ನಿಮ್ಮ ತಂದೆಯವರದು 9.3 ಇದೆ, ಚೆನ್ನಾಗಿದೆ. ಆದ್ದರಿಂದ ಅದನ್ನು ಬದಿಗಿಟ್ಟೆ.

ಹೀಗಾಗಿ ಮೊದಲ ಲ್ಯಾಬಿನ ಮಶೀನು ಸುಳ್ಳು ಹೇಳಲಿಲ್ಲ. ಅದರ ಬಾಯಿಗೆ ಕೊಟ್ಟ ರಕ್ತದಲ್ಲಿ 5.9 ಇತ್ತು. ಆ ರಕ್ತ ಮಾತ್ರ ನಿಮ್ಮ ತಂದೆಯವರ ಮೈಯಲ್ಲಿ ಇದ್ದ ಹಾಗೆ ಉಳಿದಿರಲಿಲ್ಲ.

ಮುಂಬೈಯ ಲ್ಯಾಬುಗಳಲ್ಲಿ 27 ವರ್ಷ ಕಳೆದ ಪೆಥಾಲಜಿಸ್ಟ್ ನಾನು. ಜನ ನನ್ನನ್ನು ಯಾವಾಗಲೂ ಕೇಳುವುದು ‘ನಿಮ್ಮಲ್ಲಿ ಯಾವ ಮಶೀನ್ ಇದೆ?’ ಅಂತ. ಜರ್ಮನಿಯದೋ, ಜಪಾನಿನದೋ ಅಂತ. ಲ್ಯಾಬ್ ತಪ್ಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆಗುವುದು ರಕ್ತ ಮಶೀನು ಮುಟ್ಟುವ ಮೊದಲೇ. ತಪ್ಪು ಹೆಸರು, ತಪ್ಪು ಟ್ಯೂಬು, ಹೆಪ್ಪುಗಟ್ಟಿದ ರಕ್ತ, ತಡ, ಬಿಸಿಲು, ಐಸ್. ಕೇಳಬೇಕಾದ್ದು ‘ರಕ್ತ ಎಷ್ಟು ಹೊತ್ತಿಗೆ ಲ್ಯಾಬ್ ತಲುಪುತ್ತದೆ?’ ಅಂತ. ಸೀರಂ ಪರೀಕ್ಷೆಯ ರಕ್ತವನ್ನು ಹೆಪ್ಪುಗಟ್ಟಲು ಅರ್ಧ ಗಂಟೆ ನೇರ ನಿಲ್ಲಿಸಿ, ಎರಡು ಗಂಟೆಯೊಳಗೆ ತಿರುಗಿಸಿ ಕಣದಿಂದ ಬೇರ್ಪಡಿಸಬೇಕು. ಬೇರ್ಪಡಿಸಿದ ಮೇಲೆ ತಣ್ಣಗಿಟ್ಟರೂ ಪೊಟ್ಯಾಶಿಯಂ ಲೆಕ್ಕಕ್ಕೆ ತೊಂದರೆಯಿಲ್ಲ. ಶಿಸ್ತಿನ ಲ್ಯಾಬುಗಳು ತಮ್ಮ ಕಲೆಕ್ಷನ್ ಸೆಂಟರಿನಲ್ಲೇ ಒಂದು ಸಣ್ಣ ಸೆಂಟ್ರಿಫ್ಯೂಜ್ ಇಟ್ಟಿರುತ್ತವೆ. ನಿಮ್ಮ ಹತ್ತಿರದ ಸೆಂಟರಿಗೆ ಹೋದಾಗ ಒಳಗೆ ಕಣ್ಣಾಡಿಸಿ ನೋಡಿ.

ಸಕ್ಕರೆಯಲ್ಲಿ ಇದೇ ಕಥೆ ತಿರುಗಾಮುರುಗಾ ಆಗುತ್ತದೆ. ಕಣಗಳು ಟ್ಯೂಬಿನಲ್ಲೂ ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ. ಬೇರ್ಪಡಿಸದೆ ಹೊರಗಿಟ್ಟ ರಕ್ತದಲ್ಲಿ ಗಂಟೆಗೆ ಶೇಕಡಾ 5ರಿಂದ 7ರಷ್ಟು ಸಕ್ಕರೆ ಇಳಿಯುತ್ತದೆ. ಅದನ್ನು ತಡೆಯಲು ಬೂದು ಮುಚ್ಚಳದ ಟ್ಯೂಬಿನಲ್ಲಿ ಫ್ಲೋರೈಡ್ ಹಾಕಿರುತ್ತಾರೆ. ಅದಕ್ಕೂ ಪೂರ್ತಿ ಹಿಡಿತ ಬರಲು ಒಂದೆರಡು ಗಂಟೆ ಬೇಕು. ಮೇ ತಿಂಗಳ ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿ ಮೂರು ಗಂಟೆ ಸುತ್ತಿದ ರಕ್ತದಲ್ಲಿ ಸಕ್ಕರೆ ‘ಕಂಟ್ರೋಲ್’ನಲ್ಲಿದೆ ಅಂತ ಬಂದರೆ, ಆ ಖುಷಿಯನ್ನು ನಾನು ಸುಮ್ನೆ ನಂಬುವುದಿಲ್ಲ.

ಮಳೆಗಾಲದ ಒಂದು ವಿಷಯ ಹೇಳಲೇಬೇಕು. ಜುಲೈ ಬಂತೆಂದರೆ ಇಲ್ಲಿ ಜ್ವರ, ಡೆಂಗಿ, ಪ್ಲೇಟ್‌ಲೆಟ್ ಮಾತೇ ಮಾತು. ಒಮ್ಮೆ ಮಾಟುಂಗಾದ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ ಕುಂದಾಪುರ ಕಡೆಯ ಹುಡುಗ ಬಂದ. ಬೇರೆ ಕಡೆ ಪ್ಲೇಟ್‌ಲೆಟ್ 42,000 ಅಂತ ಬಂದಿತ್ತು. ಜೊತೆಗಿದ್ದ ದೊಡ್ಡಪ್ಪ ಆಗಲೇ ಊರಿಗೆ ಫೋನ್ ಮಾಡಿಯಾಗಿತ್ತು. ಹುಡುಗನಿಗೆ ಜ್ವರ ಇರಲಿಲ್ಲ. ಮೈಮೇಲೆ ಕಲೆಯಿಲ್ಲ, ಹಲ್ಲುಜ್ಜಿದರೆ ರಕ್ತವಿಲ್ಲ. ಊಟವೂ ಸರಿಯಾಗಿ ಮಾಡುತ್ತಿದ್ದ. ನಮ್ಮ ಮಶೀನಿನಲ್ಲೂ 45,000 ಬಂತು. ಆಮೇಲೆ ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ರಕ್ತ ಎಳೆದು, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಸ್ಲೈಡಿನ ತುದಿಯಲ್ಲಿ, ರಕ್ತ ಗರಿಯ ಹಾಗೆ ತೆಳುವಾಗುವ ಕಡೆ, ಪ್ಲೇಟ್‌ಲೆಟ್‌ಗಳು ಗುಂಪು ಗುಂಪಾಗಿ ಅಂಟಿಕೊಂಡಿದ್ದವು. ಸಾಸಿವೆ ಕಾಳು ಹಿಡಿ ಹಿಡಿಯಾಗಿ ಚೆಲ್ಲಿದ ಹಾಗೆ. ಕೆಲವರ ರಕ್ತಕ್ಕೆ ಇಡಿಟಿಎ ತಾಗಿದರೆ ಹೀಗಾಗುತ್ತದೆ. ಮಶೀನು ಒಂದು ಗುಂಪನ್ನು ಪ್ಲೇಟ್‌ಲೆಟ್ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ತಿಳಿನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದೆವು. ಒಂದು ಲಕ್ಷ ತೊಂಬತ್ತು ಸಾವಿರ ಇತ್ತು. ದೊಡ್ಡಪ್ಪ ಅಲ್ಲೇ ಕುರ್ಚಿಯಲ್ಲಿ ಕುಸಿದು ಕೂತರು. ಪ್ಲೇಟ್‌ಲೆಟ್ ಕಡಿಮೆ ಬಂದರೆ ‘ಸ್ಮಿಯರ್ ನೋಡಿದ್ದೀರಾ?’ ಅಂತ ಕೇಳಿ. ಸ್ಲೈಡಿನ ಮೇಲೆ ಹಾಗೆ ಎಳೆದ ರಕ್ತಕ್ಕೇ ಸ್ಮಿಯರ್ ಅನ್ನುವುದು. ನೋಡಿದ ಲ್ಯಾಬು ರಿಪೋರ್ಟ್‌ನಲ್ಲಿ ಒಂದು ಸಾಲು ಬರೆದಿರುತ್ತದೆ.

ಹಾಗಂತ ಮಶೀನಿನ ಪಾಲೇನೂ ಸಣ್ಣದಲ್ಲ. ಪ್ರತಿದಿನ ಬೆಳಿಗ್ಗೆ, ಯಾರ ರಕ್ತವನ್ನೂ ಮುಟ್ಟುವ ಮೊದಲು, ‘ಕಂಟ್ರೋಲ್’ ಓಡಿಸಬೇಕು. ಕಂಟ್ರೋಲ್ ಅಂದರೆ ಉತ್ತರ ಮೊದಲೇ ಗೊತ್ತಿರುವ ಸೀರಂ. ಸಾಮಾನ್ಯವಾಗಿ ಎರಡು ಇರುತ್ತವೆ, ಒಂದು ನಾರ್ಮಲ್, ಒಂದು ಏರಿದ್ದು. ಬಂದ ಅಂಕೆಯನ್ನು ಒಂದು ನಕ್ಷೆಯಲ್ಲಿ ಚುಕ್ಕೆ ಇಡುತ್ತೇವೆ. ನಡುವಿನ ಗೆರೆ ಸರಾಸರಿ. ಮೇಲೆ ಕೆಳಗೆ ಒಂದು, ಎರಡು, ಮೂರು ಎಸ್‌ಡಿ ಗೆರೆಗಳು. ಎಸ್‌ಡಿ ಅಂದರೆ ಅಂಕೆಗಳು ಸರಾಸರಿಯ ಸುತ್ತ ಸಾಮಾನ್ಯವಾಗಿ ಎಷ್ಟು ಚದುರುತ್ತವೆ ಅನ್ನುವ ಅಳತೆ. 1924ರಲ್ಲಿ ಅಮೆರಿಕದ ಟೆಲಿಫೋನ್ ಉದ್ಯಮದಲ್ಲಿ ಕೆಲಸಕ್ಕಿದ್ದ ಶೂಹಾರ್ಟ್, ತಯಾರಾಗುವ ಸಾಮಾನಿನ ಗುಣಮಟ್ಟ ಕಾಯಲು ಇಂಥ ನಕ್ಷೆ ಹಾಕಿದರು. 1950ರಲ್ಲಿ ಲೆವಿ ಮತ್ತು ಜೆನಿಂಗ್ಸ್ ಅದನ್ನು ರಕ್ತ ಪರೀಕ್ಷೆಯ ಲ್ಯಾಬಿಗೆ ತಂದರು. ಇವತ್ತಿಗೂ ನಮ್ಮ ಗೋಡೆಯ ಮೇಲೆ, ಕಂಪ್ಯೂಟರಿನ ಒಳಗೆ ಇರುವುದು ಅವರ ಹೆಸರಿನ ನಕ್ಷೆಯೇ. ಚುಕ್ಕೆಗಳನ್ನು ಹೇಗೆ ಓದಬೇಕು ಅಂತ 1981ರಲ್ಲಿ ವೆಸ್ಟ್‌ಗಾರ್ಡ್ ನಿಯಮಗಳನ್ನು ಕೊಟ್ಟರು. ಒಂದು ಚುಕ್ಕೆ ಮೂರು ಎಸ್‌ಡಿ ದಾಟಿದರೆ ನಿಲ್ಲಿಸು. ಎರಡು ಚುಕ್ಕೆ ಸಾಲಾಗಿ ಒಂದೇ ಕಡೆ ಎರಡು ಎಸ್‌ಡಿ ದಾಟಿದರೂ ನಿಲ್ಲಿಸು. ಹತ್ತು ಚುಕ್ಕೆ ಸರಾಸರಿಯ ಒಂದೇ ಬದಿಯಲ್ಲಿ ಬಿದ್ದರೆ ಏನೋ ನಿಧಾನಕ್ಕೆ ಸರಿಯುತ್ತಿದೆ, ಹುಡುಕು.

ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಒಂದು ಕಡೆ ಕಂಟ್ರೋಲ್ ಹೊರಗೆ ಬಂದರೆ ಅದನ್ನೇ ಮತ್ತೆ ಓಡಿಸುತ್ತಿದ್ದರು. ಮತ್ತೆ, ಮತ್ತೆ. ನಾಲ್ಕನೇ ಸಲ ಒಳಗೆ ಬಂದರೆ ಅದೊಂದನ್ನೇ ಪುಸ್ತಕದಲ್ಲಿ ಬರೆದು ರೋಗಿಗಳ ರಕ್ತ ಓಡಿಸುತ್ತಿದ್ದರು. ‘ಆಯ್ತಲ್ಲ, ಬಂತಲ್ಲ’ ಅಂತ. ನನಗೆ ಅದು ಆಗಲೂ ನುಂಗಲಾಗಲಿಲ್ಲ. ಚುಕ್ಕೆ ಎರಡು ಎಸ್‌ಡಿ ಆಚೆ ಬೀಳುವುದು ಇಪ್ಪತ್ತರಲ್ಲಿ ಒಂದು ಸಲ ಸಹಜ, ನಿಜ. ಆದರೆ ಯಾಕೆ ಹೊರಗೆ ಬಂತು ಅಂತ ಕೇಳದೆ ಒಳಗೆ ಬರುವ ತನಕ ಓಡಿಸಿದರೆ ಕಂಟ್ರೋಲ್ ಯಾಕೆ ಬೇಕು? ಆ ದಿನ ರಿಪೋರ್ಟ್ ಹಿಡಿದುಕೊಂಡು ಮನೆಗೆ ಹೋದವರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ನಿಮ್ಮ ಮಗಳಿಗೆ ಇಲ್ಲಿ ಒಂದು ಕೆಲಸದ ಮಾತು. ಒಂದು ದಿನ ಎಲ್ಲ ಪರೀಕ್ಷೆಗಳ ಕಂಟ್ರೋಲೂ ಒಟ್ಟಿಗೆ ಶೇಕಡಾ ನಾಲ್ಕರಷ್ಟು ಮೇಲೆ ಹೋಯಿತು ಅಂತಿಟ್ಟುಕೊಳ್ಳಿ. ಸಕ್ಕರೆ, ಯೂರಿಯಾ, ಕ್ಯಾಲ್ಸಿಯಂ, ಎಲ್ಲವೂ. ಆಗ ಮಶೀನನ್ನು ಬಿಚ್ಚಲು ಹೋಗಬಾರದು. ಕಂಟ್ರೋಲ್ ಪುಡಿಯ ರೂಪದಲ್ಲಿ ಬರುತ್ತದೆ, 5 ಎಂಎಲ್ ನೀರು ಹಾಕಿ ಕರಗಿಸಬೇಕು. ಯಾರೋ 4.8 ಎಂಎಲ್ ಹಾಕಿದ್ದಾರೆ, ಅಷ್ಟೇ. ಒಂದೇ ಒಂದು ಪರೀಕ್ಷೆ ಸರಿದಿದ್ದರೆ ಅದರ ರಿಯೇಜೆಂಟನ್ನು, ಅಂದರೆ ಆ ಪರೀಕ್ಷೆಗೆ ಬಳಸುವ ರಾಸಾಯನಿಕವನ್ನು ನೋಡಬೇಕು. ಲಿವರ್ ಪರೀಕ್ಷೆಯ ಎಎಲ್‌ಟಿ, ಎಎಸ್‌ಟಿ ಥರದ ಎನ್‌ಜೈಮ್‌ಗಳು ಮಾತ್ರ ಒಟ್ಟಿಗೆ ಇಳಿದಿದ್ದರೆ ಮಶೀನಿನ ಒಳಗಿನ 37 ಡಿಗ್ರಿ ಶಾಖ ತಪ್ಪಿರಬಹುದು. ಆ ಪುಡಿಯನ್ನು ಕರಗಿಸುವಾಗ ಕುಲುಕಬಾರದು, ನೊರೆ ಬರುತ್ತದೆ. ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ಮೆಲ್ಲಗೆ ಉರುಳಿಸಬೇಕು. ಆಮೇಲೆ ಅರ್ಧ ಗಂಟೆ ಹಾಗೇ ಬಿಡಬೇಕು. ಈ ಅರ್ಧ ಗಂಟೆಯ ತಾಳ್ಮೆ ಇರುವವರು ಒಳ್ಳೆಯ ಟೆಕ್ನಿಷಿಯನ್ ಆಗುತ್ತಾರೆ ಅಂತ ನಾನು ನಂಬಿದ್ದೇನೆ.

ಲ್ಯಾಬಿನೊಳಗಿನ ಈ ಪರೀಕ್ಷೆಯ ಜೊತೆಗೆ ಹೊರಗಿನ ಪರೀಕ್ಷೆಯೂ ಇದೆ. ವೆಲ್ಲೂರಿನ ಸಿಎಂಸಿಯಂಥ ಸಂಸ್ಥೆಗಳು ಉತ್ತರ ಹೇಳದೆ ಸ್ಯಾಂಪಲ್ ಕಳಿಸುತ್ತವೆ. ನಾವು ಮಾಡಿ ಉತ್ತರ ಕಳಿಸುತ್ತೇವೆ. ನೂರಾರು ಲ್ಯಾಬುಗಳ ಉತ್ತರದ ಪಕ್ಕದಲ್ಲಿ ನಮ್ಮದು ಎಲ್ಲಿದೆ ಅಂತ ಅವರು ತಿಳಿಸುತ್ತಾರೆ. ಅದಕ್ಕೆ ನಾವು ಇಕ್ಯುಎಎಸ್ ಅನ್ನುತ್ತೇವೆ.

ರಕ್ತದ ಗುಂಪಿನ ಬಗ್ಗೆ ನೀವು ಕೇಳಿಲ್ಲ. ಆದರೂ ಮುಂಬೈಯಲ್ಲಿ ಕೂತು ಅದನ್ನು ಬಿಡಲಾರೆ. 1952ರಲ್ಲಿ ಇದೇ ಊರಿನಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಜೊತೆಗಾರರು ಒಂದು ಹೊಸ ರಕ್ತದ ಗುಂಪನ್ನು ವಿವರಿಸಿದರು. ಅದಕ್ಕೆ ಇವತ್ತಿಗೂ ಬಾಂಬೆ ಬ್ಲಡ್ ಗ್ರೂಪ್ ಅನ್ನುತ್ತಾರೆ. ಸಾಮಾನ್ಯವಾಗಿ ಮಾಡುವ ಪರೀಕ್ಷೆಯಲ್ಲಿ ಅದು ‘ಓ’ ಅಂತಲೇ ಕಾಣುತ್ತದೆ. ಆದರೆ ಆ ವ್ಯಕ್ತಿಗೆ ‘ಓ’ ರಕ್ತ ಕೊಟ್ಟರೆ ಪ್ರಾಣಕ್ಕೇ ಅಪಾಯ. ‘ಓ’ ಕಣಗಳ ಮೇಲಿರುವ ಎಚ್ ಅನ್ನುವ ಗುರುತು ಅವರ ಕಣಗಳಲ್ಲಿ ಇಲ್ಲ, ಮೈ ಅದನ್ನು ವೈರಿ ಅಂತ ಎದುರಿಸುತ್ತದೆ. ಕಂಡುಹಿಡಿಯುವ ದಾರಿ ಸುಲಭ. ಕಣಗಳನ್ನು ಪರೀಕ್ಷಿಸಿದ ಮೇಲೆ, ಅದೇ ವ್ಯಕ್ತಿಯ ಸೀರಂಗೆ ಗೊತ್ತಿರುವ ಎ, ಬಿ, ಓ ಕಣಗಳನ್ನು ಸೇರಿಸಿ ಉಲ್ಟಾ ನೋಡಬೇಕು. ನಿಜವಾದ ‘ಓ’ ಆಗಿದ್ದರೆ ಓ ಕಣ ಗಂಟುಗಟ್ಟಬಾರದು. ಗಂಟುಗಟ್ಟಿದರೆ ಅಲ್ಲೇ ನಿಲ್ಲಬೇಕು. ಒಂದು ಸ್ಲೈಡಿನ ಮೇಲೆ ಎರಡು ಹನಿ ಹಾಕಿ ಕಾರ್ಡು ಬರೆದುಕೊಡುವ ಶಿಬಿರಗಳಲ್ಲಿ ಈ ಉಲ್ಟಾ ಪರೀಕ್ಷೆ ಇರುವುದಿಲ್ಲ. ನಮ್ಮ ಕನ್ನಡ ಸಂಘಗಳು ಆರೋಗ್ಯ ಶಿಬಿರ ಮಾಡುವಾಗ ನನ್ನನ್ನು ಕರೆದರೆ ಇದನ್ನು ತಪ್ಪದೆ ಹೇಳುತ್ತೇನೆ. ಆ ಕಾರ್ಡು ಪರ್ಸಿನಲ್ಲಿರಲಿ, ರಕ್ತ ಕೊಡುವಾಗ ಬ್ಲಡ್ ಬ್ಯಾಂಕಿನಲ್ಲಿ ಹೊಸದಾಗಿ ನೋಡಲೇಬೇಕು.

ಇನ್ನು ನಿಮ್ಮ ಎರಡನೇ ಪ್ರಶ್ನೆ, ಒಳ್ಳೆಯ ಲ್ಯಾಬ್ ಗುರುತಿಸುವುದು. ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಸಂಸ್ಥೆಯಾದ ಎನ್‌ಎಬಿಎಲ್‌ನ ಮುದ್ರೆ ಇದ್ದರೆ ಒಳ್ಳೆಯದು. ಐಎಸ್‌ಒ 15189 ಅನ್ನುವ ಮಾನದಂಡದ ಪ್ರಕಾರ ಹೊರಗಿನವರು ಬಂದು ಲ್ಯಾಬನ್ನು ಪರೀಕ್ಷಿಸಿದ್ದಾರೆ ಅಂತ ಅದರ ಅರ್ಥ. ಇದು ಕಡ್ಡಾಯವಲ್ಲ, ಲ್ಯಾಬುಗಳು ತಾವಾಗಿ ಪಡೆಯುವುದು. ಆದರೆ ಮಾನ್ಯತೆ ಇಡೀ ಲ್ಯಾಬಿಗೆ ಅಲ್ಲ, ಒಂದೊಂದು ಪರೀಕ್ಷೆಗೆ. ಬೋರ್ಡಿನ ಮೇಲೆ ಮುದ್ರೆ ಇದ್ದರೂ ನೀವು ಮಾಡಿಸಿದ ಪರೀಕ್ಷೆ ಆ ಪಟ್ಟಿಯಲ್ಲಿ ಇಲ್ಲದಿರಬಹುದು. ಎನ್‌ಎಬಿಎಲ್ ವೆಬ್‌ಸೈಟಿನಲ್ಲಿ ಲ್ಯಾಬಿನ ಹೆಸರು ಹಾಕಿ ಹುಡುಕಿದರೆ ಪಟ್ಟಿ ಸಿಗುತ್ತದೆ. ರಿಪೋರ್ಟ್‌ಗೆ ಸಹಿ ಹಾಕಿದವರ ಹೆಸರು, ಡಿಗ್ರಿ, ನೋಂದಣಿ ಸಂಖ್ಯೆ ಸ್ಪಷ್ಟವಾಗಿ ಇರಬೇಕು.

ಮುದ್ರೆಗಿಂತ ನಾನು ಜಾಸ್ತಿ ನೆಚ್ಚುವುದು ಬೇರೆ ಒಂದನ್ನು. ‘ನಿಮ್ಮ ಸ್ಯಾಂಪಲ್ ಸರಿಯಿಲ್ಲ, ದಯವಿಟ್ಟು ಇನ್ನೊಮ್ಮೆ ರಕ್ತ ಕೊಡಿ’ ಅಂತ ಫೋನ್ ಮಾಡುವ ಲ್ಯಾಬಿದೆಯಲ್ಲ, ಅದನ್ನು ಬಿಡಬೇಡಿ. ಜನ ಆ ಫೋನಿಗೆ ಸಿಟ್ಟಾಗುತ್ತಾರೆ. ಮತ್ತೆ ಚುಚ್ಚಿಸಿಕೊಳ್ಳಬೇಕು, ಆಫೀಸಿಗೆ ತಡವಾಗುತ್ತದೆ, ಹುಡುಗರಿಗೆ ಕೆಲಸ ಬರಲ್ಲ ಅಂತ. ಲ್ಯಾಬಿಗೂ ಅದರಲ್ಲಿ ನಷ್ಟವೇ. ಆದರೂ ತಪ್ಪು ಅಂಕೆ ಕಳಿಸುವುದಿಲ್ಲ ಅಂತ ಅವರು ನಿಲ್ಲುತ್ತಾರೆ. ನಿಮ್ಮ ತಂದೆಯವರ ರಕ್ತ 1:10ಕ್ಕೆ ಬಂದಾಗ ಯಾರಾದರೂ ಒಬ್ಬರು ಗಡಿಯಾರ ನೋಡಿ ಫೋನ್ ಮಾಡಿದ್ದರೆ ಆ ರಾತ್ರಿಯ ಓಟ ತಪ್ಪುತ್ತಿತ್ತು. ಹಳೆಯ ರಿಪೋರ್ಟ್ ಜೊತೆ ಹೋಲಿಸಿ ನೋಡುವ ಪದ್ಧತಿಯೂ ಇದೆ. ಮೂರು ತಿಂಗಳ ಹಿಂದೆ 4.4 ಇದ್ದವರಿಗೆ ಇದ್ದಕ್ಕಿದ್ದಂತೆ 5.9 ಬಂದರೆ ಸಾಫ್ಟ್‌ವೇರ್ ತಡೆಯಬೇಕು. ಹಾಗಾಗಿ ಪ್ರತಿ ಸಲ ಅಗ್ಗದ ಆಫರ್ ನೋಡಿ ಲ್ಯಾಬ್ ಬದಲಿಸಬೇಡಿ. ಪ್ರಾಣಾಪಾಯದ ಅಂಕೆ ಬಂದಾಗ ವಾಟ್ಸಾಪಿನಲ್ಲಿ ಪಿಡಿಎಫ್ ಹಾಕಿ ಸುಮ್ಮನಾಗದೆ, ಕೂಡಲೇ ಫೋನ್ ಮಾಡಿ ಹೇಳುತ್ತಾರಾ ಅಂತಲೂ ನೋಡಿ.

ಫುಲ್ ಬಾಡಿ ಪ್ಯಾಕೇಜ್ ಬಗ್ಗೆ ಒಂದೇ ಮಾತು. ನಾರ್ಮಲ್ ಅಂತ ಬರೆಯುವ ಮಿತಿಯೊಳಗೆ ಬರುವುದು ಆರೋಗ್ಯವಂತರಲ್ಲಿ ಶೇಕಡಾ 95 ಜನ ಮಾತ್ರ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆ ಮಾಡಿಸಿದರೆ, ಪೂರ್ತಿ ಆರೋಗ್ಯವಾಗಿರುವವರಿಗೂ ಒಂದಾದರೂ ದಪ್ಪಕ್ಷರದಲ್ಲಿ ಬರುವ ಸಾಧ್ಯತೆ ಶೇಕಡಾ 64. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಿನ್ನುವವರಿಗೆ ಕೆಲವು ಮಶೀನುಗಳಲ್ಲಿ ಥೈರಾಯ್ಡ್ ಲೆಕ್ಕವೂ ತಪ್ಪಿ ಬರುತ್ತದೆ. ರಕ್ತ ಕೊಡುವಾಗ ಅದನ್ನು ಹೇಳಬೇಕು.

ಈಗ ಮಗಳ ವಿಷಯ. ನಿಮ್ಮ ಭಯ ನನಗೆ ಅರ್ಥವಾಗುತ್ತದೆ, ನಮ್ಮಮ್ಮನೂ ಹೆದರಿದ್ದರು. ನಾನು ಕಲಿಯುವ ಕಾಲಕ್ಕೆ ಸೀರಂ ಅನ್ನು ಪಿಪೆಟ್‌ನಲ್ಲಿ ಬಾಯಿಂದಲೇ ಎಳೆಯುವುದು ಇನ್ನೂ ನಿಂತಿರಲಿಲ್ಲ. ಒಮ್ಮೆ ನನ್ನ ಪಕ್ಕದ ಹುಡುಗನ ಬಾಯಿಗೇ ಬಂತು. ಅವನು ಇಡೀ ಮಧ್ಯಾಹ್ನ ನಲ್ಲಿಯ ಕೆಳಗೆ ಬಾಯಿ ಮುಕ್ಕಳಿಸುತ್ತಾ ನಿಂತದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಈಗ ಬಾಯಿಂದ ಎಳೆಯುವ ಮಾತೇ ಇಲ್ಲ, ಯಾರಾದರೂ ಹೇಳಿದರೆ ಅವಳು ಖಂಡಿತ ಒಪ್ಪಬಾರದು.

ಮೊದಲ ಕೆಲಸ ಹೆಪಟೈಟಿಸ್ ಬಿ ಲಸಿಕೆ. ಲಸಿಕೆ ಹಾಕಿಸದವರಿಗೆ ಸೋಂಕಿತರ ಸೂಜಿ ಚುಚ್ಚಿದರೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ಶೇಕಡಾ 30ರವರೆಗೂ ಇದೆ. ಎಚ್‌ಐವಿಗೆ ಅದು ಶೇಕಡಾ 0.3, ಸಾವಿರದಲ್ಲಿ ಮೂರು. ಎಲ್ಲರೂ ಹೆದರುವುದು ಎಚ್‌ಐವಿಗೆ, ಜಾಸ್ತಿ ಹೆದರಬೇಕಾದ್ದು ಹೆಪಟೈಟಿಸ್ ಬಿಗೆ. ಪುಣ್ಯಕ್ಕೆ ಅದಕ್ಕೇ ಲಸಿಕೆ ಇದೆ. ಮೂರು ಡೋಸ್: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಟೈಟರ್, ಅಂದರೆ ಲಸಿಕೆಯಿಂದ ರಕ್ತದಲ್ಲಿ ಎಷ್ಟು ರಕ್ಷಣೆ ಬಂದಿದೆ ಅನ್ನುವ ಅಳತೆ ನೋಡಿಸಬೇಕು, ಕನಿಷ್ಠ 10 ಇರಬೇಕು. ಮಗುವಾಗಿದ್ದಾಗ ಹಾಕಿಸಿದ್ದರೆ ಕಾರ್ಡು ಹುಡುಕಿ ಡಾಕ್ಟರಿಗೆ ತೋರಿಸಿ, ಟೈಟರ್ ನೋಡಿ ಅವರು ಹೇಳುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ ಈ ಲಸಿಕೆ ಮತ್ತು ಧನುರ್ವಾಯುವಿನ ಲಸಿಕೆ ಕೊಡಿಸುವುದು ಮಾಲೀಕರ ಹೊಣೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮಗಳಲ್ಲೇ ಹಾಗಿದೆ. ಕೇಳಲು ಸಂಕೋಚ ಬೇಡ.

ಸೂಜಿ ಹೆಚ್ಚಾಗಿ ಚುಚ್ಚುವುದು ರಕ್ತ ತೆಗೆಯುವಾಗ ಅಲ್ಲ, ತೆಗೆದಾದ ಮೇಲೆ. ಮುಚ್ಚಳ ವಾಪಸ್ ಹಾಕಲು ಹೋದಾಗ, ಟ್ರೇಯಲ್ಲಿ ಸುಮ್ನೆ ಇಟ್ಟಾಗ. ಹಾಗಾಗಿ ಮುಚ್ಚಳ ಹಾಕುವ ಅಭ್ಯಾಸವನ್ನೇ ಕಲಿಯಬಾರದು. ಚುಚ್ಚುವ ಮೊದಲೇ ಬಿಳಿ ಡಬ್ಬ ಕೈಗೆಟುಕುವ ಕಡೆ ಇಟ್ಟುಕೊಳ್ಳಬೇಕು, ಸೂಜಿ ನೇರ ಅದಕ್ಕೇ ಹೋಗಬೇಕು. ಉಳಿದ ಬಣ್ಣಗಳನ್ನು ಕಾಲೇಜಿನಲ್ಲಿ ಕಲಿಸುತ್ತಾರೆ: ರಕ್ತ ತಾಗಿದ ಹತ್ತಿ ಹಳದಿಗೆ, ಗ್ಲವ್ಸ್ ಮತ್ತು ಪ್ಲಾಸ್ಟಿಕ್ ಟ್ಯೂಬು ಕೆಂಪಿಗೆ, ಗಾಜು ನೀಲಿಗೆ. ಒಂದು ವೇಳೆ ಚುಚ್ಚಿದರೆ ಹಿಂಡಬಾರದು, ಬಾಯಿಗೆ ಇಡಬಾರದು, ಬ್ಲೀಚ್ ಸುರಿಯಬಾರದು. ಸೋಪು ನೀರಿನಲ್ಲಿ ತೊಳೆದು ಅದೇ ಗಳಿಗೆಯಲ್ಲಿ ಮೇಲಿನವರಿಗೆ ಹೇಳಬೇಕು. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎರಡು ಗಂಟೆಯೊಳಗೆ ಶುರುವಾದರೆ ಉತ್ತಮ, 72 ಗಂಟೆ ದಾಟಬಾರದು, 28 ದಿನ ತೆಗೆದುಕೊಳ್ಳಬೇಕು. ಬೈತಾರೆ ಅಂತ ಮುಚ್ಚಿಟ್ಟು ಮೂರನೇ ದಿನ ಸಂಜೆ ಅಳುತ್ತಾ ಬಂದ ಹುಡುಗಿಯರನ್ನು ನೋಡಿದ್ದೇನೆ. ಅವಳಿಗೆ ನೀವೇ ಹೇಳಿಬಿಡಿ, ಇಂಥದ್ದಾದರೆ ಮೊದಲು ಮನೆಗೆ ಫೋನ್ ಮಾಡು, ಯಾರೂ ಬೈಯಲ್ಲ ಅಂತ.

ಇನ್ನೊಂದನ್ನು ಗಮನಿಸಲು ಹೇಳಿ. ಲ್ಯಾಬಿನಲ್ಲಿ ಗ್ಲವ್ಸ್ ಹಾಕಿಕೊಂಡೇ ಮೊಬೈಲ್ ಎತ್ತುತ್ತಾರೆ. ಅದೇ ಕೈಯಲ್ಲಿ ಲಿಫ್ಟಿನ ಬಟನ್ ಒತ್ತುತ್ತಾರೆ, ಬಾಗಿಲು ಹಿಡಿಯುತ್ತಾರೆ. ಆಮೇಲೆ ಗ್ಲವ್ಸ್ ಬಿಚ್ಚಿ, ಅದೇ ಮೊಬೈಲನ್ನು ಕೆನ್ನೆಗೆ ಒತ್ತಿಕೊಂಡು ಮಾತಾಡುತ್ತಾರೆ. ಗ್ಲವ್ಸ್ ಕೈಯನ್ನು ಕಾಪಾಡಿತು, ಮುಖವನ್ನಲ್ಲ. ರಿಯೇಜೆಂಟ್ ಇಡುವ ಫ್ರಿಜ್ಜಿನಲ್ಲಿ ಮಧ್ಯಾಹ್ನದ ಡಬ್ಬಾ ಇಟ್ಟಿರುವ ಜಾಗಕ್ಕೆ ಅವಳು ಕೆಲಸಕ್ಕೆ ಹೋಗಬಾರದು. ಕಫದ ಸ್ಯಾಂಪಲ್ಲನ್ನು ತೆರೆದ ಮೇಜಿನ ಮೇಲೆ ಬಿಚ್ಚುವ ಜಾಗಕ್ಕೂ ಹೋಗಬಾರದು. ಈ ಊರಿನಲ್ಲಿ ಟಿಬಿ ದೂರದ ಮಾತಲ್ಲ. ಸೆಂಟ್ರಿಫ್ಯೂಜ್ ಪೂರ್ತಿ ನಿಂತ ಮೇಲೆಯೇ ಮುಚ್ಚಳ ತೆಗೆಯಬೇಕು. ಒಳಗೆ ಟ್ಯೂಬು ಒಡೆದ ಸದ್ದು ಬಂದರೆ ಸ್ವಿಚ್ ಆರಿಸಿ ಅರ್ಧ ಗಂಟೆ ಮುಟ್ಟಬಾರದು, ಹಾರಿದ ಹನಿಗಳು ಕೆಳಗೆ ಕೂರಬೇಕು.

ನಿಮ್ಮ ತಂದೆಯವರಿಗೆ ಮುಂದಿನ ಸಲ ಪೊಟ್ಯಾಶಿಯಂ ನೋಡಿಸುವಾಗ ಮನೆಗೆ ಕರೆಸಬೇಡಿ. ಸೆಂಟ್ರಿಫ್ಯೂಜ್ ಇರುವ ಸೆಂಟರಿಗೆ ರಿಕ್ಷಾದಲ್ಲಿ ಕರೆದುಕೊಂಡು ಹೋಗಿ. ನಡೆಯಲು ಕಷ್ಟವಾಗಿ ಮನೆಗೇ ಕರೆಸಬೇಕಾದರೆ, ನಿಮ್ಮದೇ ಕೊನೆಯ ಮನೆ ಆಗಲಿ ಅಂತ ಬುಕ್ ಮಾಡುವಾಗ ಹೇಳಿ. ಬಂದ ಹುಡುಗನಿಗೆ ಒಂದು ಲೋಟ ನೀರು ಕೊಟ್ಟು, ಮೆಲ್ಲಗೆ ಹೇಳಿ: ‘ಮುಷ್ಟಿ ಬೇಡಪ್ಪ, ಟ್ಯೂಬು ಐಸ್‌ಗೆ ತಾಗಿಸಬೇಡ, ಎಷ್ಟು ಹೊತ್ತಿಗೆ ತಲುಪುತ್ತೆ?’ ಟ್ಯೂಬಿನ ಮೇಲೆ ಹೆಸರು ಬರೆಯುವುದನ್ನು ನಿಮ್ಮ ಎದುರೇ ಮಾಡಿಸಿ, ರಕ್ತ ತೆಗೆದ ಸಮಯವನ್ನೂ ಬರೆಸಿ. ಎರಡೂ ರಿಪೋರ್ಟ್‌ಗಳನ್ನು ಒಟ್ಟಿಗೆ ಪಿನ್ ಮಾಡಿ ಡಾಕ್ಟರಿಗೆ ಕೊಡಿ. ಅವರು ಹೇಳುವ ತನಕ ಟೆಲ್ಮಿಸಾರ್ಟನ್ ನಿಲ್ಲಿಸಬೇಡಿ.